ಹೆಸರಿನ ಪಕ್ಕ ಒಂದು ‘ಪಿ’



ಹೋದ ವಾರ ರಾತ್ರಿ ಹನ್ನೊಂದು ಗಂಟೆಗೆ ಕೇಳುಗರೊಬ್ಬರ ವಾಯ್ಸ್ ಮೆಸೇಜ್ ಬಂತು. ಬೆಂಗಳೂರು ಕಂಟೋನ್ಮೆಂಟ್‌ನ ಆಂಗ್ಲೋ ಇಂಡಿಯನ್ ಕುಟುಂಬ ಅವರದು. ಇಲ್ಲಿಗೆ ಬಂದ ಅವರ ವಂಶದ ಮೊದಲಿಗ ಬ್ರಿಟಿಷ್ ಸೇನೆಯ ಒಬ್ಬ ಸಿಪಾಯಿ. ಅವನ ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್‌ನ ಹೆಸರಿತ್ತು. ಆ ಎಳೆ ಹಿಡಿದು, ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಒಂದು ಹಳ್ಳಿ ಚರ್ಚಿನ ರಿಜಿಸ್ಟರ್‌ವರೆಗೆ ಫೋನ್‌ನಲ್ಲೇ ಹೋಗಿ ಮುಟ್ಟಿದ್ದಾರೆ. ಅಲ್ಲಿ 1788ರಲ್ಲಿ ಮಣ್ಣಾದ ಸಿಪಾಯಿಯ ಅಜ್ಜಿಯ ಹೆಸರು. ಪಕ್ಕದಲ್ಲಿ ಒಂದೇ ಅಕ್ಷರ, ‘ಪಿ’. ಪಾಪರ್. ಅಂದ್ರೆ ಊರಿನವರ ದುಡ್ಡಲ್ಲಿ ಬದುಕುವ ಬಡವಿ.

"ಇದನ್ನ ಅಮ್ಮಂಗೆ ಹೇಳ್ಲಾ ಬೇಡ್ವಾ? ನಮ್ಮನೇಲಿ ಇಷ್ಟು ವರ್ಷ ಜಮೀನ್ದಾರರ ವಂಶ ಅಂತಲೇ ಹೇಳ್ಕೊಂಡು ಬಂದಿದ್ದಾರೆ" ಅಂತ ಕೇಳಿದ್ರು. ಇವತ್ತಿನ ಎಪಿಸೋಡ್ ಆ ಒಂದು ಅಕ್ಷರದ ಬಗ್ಗೆ.

ಮೊದಲು ಪ್ಯಾರಿಷ್ ಅಂದ್ರೇನು? ಒಂದು ಚರ್ಚು, ಅದರ ಸುತ್ತಲಿನ ಮನೆ, ಹೊಲ, ಜನ. ಆದರೆ ಬಿ.ಕಾಂ ಓದಿದ ನನ್ನ ಕಣ್ಣಿಗೆ ಅದು ಲೆಕ್ಕ ಇಡೋ ಒಂದು ಆಫೀಸಿನ ಥರಾನೂ ಕಾಣುತ್ತೆ. 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಹೂಳಿಕೆ ಬರೆದಿಡಬೇಕು ಅಂತ. 1598ರಲ್ಲಿ ಇನ್ನೊಂದು ನಿಯಮ ಬಂತು. ಕಾಗದ ಬೇಡ, ಚರ್ಮದ ಹಾಳೆ ಬಳಸಿ, ವರ್ಷಕ್ಕೊಂದು ಪ್ರತಿ ಬಿಷಪ್‌ಗೆ ಕಳಿಸಿ. ಸರ್ಕಾರವೇ ಹುಟ್ಟು-ಸಾವು ನೋಂದಾಯಿಸೋಕೆ ಶುರು ಮಾಡಿದ್ದು 1837ರಲ್ಲಿ. ಅದಕ್ಕಿಂತ ಹಿಂದಿನ ಬಡವರನ್ನ ಹುಡುಕಬೇಕಂದ್ರೆ ಮೊದಲು ತೆರೆಯೋದು ಈ ಪುಸ್ತಕವನ್ನೇ.

ಇದನ್ನ ಓದೋವಾಗ ಎಡವೋ ಜಾಗಗಳಿವೆ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1649ರ ಡಿಸೆಂಬರ್‌ನಲ್ಲಿ ಹೆಸರಿಟ್ಟ ಮಗುವನ್ನ 1649ರ ಜನವರಿಯಲ್ಲಿ ಹೂಳಿದರು ಅಂತ ಕಾಣಬಹುದು. ಪಾದ್ರಿ ತಪ್ಪು ಬರೆದಿಲ್ಲ, ಆ ಜನವರಿ ಡಿಸೆಂಬರ್ ಆದಮೇಲೆ ಬಂದದ್ದು. ಮೊದಲ ಸಲ ಇದನ್ನ ನೋಡಿ ನಾನು ಅರ್ಧ ರಾತ್ರಿ ತಲೆ ಕೆಡಿಸ್ಕೊಂಡಿದ್ದೆ.

ಇನ್ನು ಅದೇ ಎಸೆಕ್ಸ್‌ನ ಇನ್ನೊಂದು ಹಳ್ಳಿಗೆ ಹೋಗೋಣ. ಹೆಸರು ಅರ್ಲ್ಸ್ ಕೋನ್. ಅಲ್ಲಿ 1641ರಿಂದ 1683ರವರೆಗೆ ರಾಲ್ಫ್ ಜೋಸೆಲಿನ್ ಅನ್ನೋ ಪಾದ್ರಿ ಇದ್ದ. ಅವನು ಡೈರಿ ಬರೀತಿದ್ದ. ಹತ್ತು ಮಕ್ಕಳು ಹುಟ್ಟಿದ್ರು, ಐದು ಮಕ್ಕಳು ಅವನ ಕಣ್ಣೆದುರೇ ತೀರಿಕೊಂಡ್ರು. ತನ್ನದೇ ಹೆಸರಿಟ್ಟ ಒಂದು ಗಂಡು ಮಗು ಕೆಲವೇ ದಿನ ಬದುಕಿತು. ಮುಂದಿನ ಮಗುವಿಗೂ ರಾಲ್ಫ್ ಅಂತಲೇ ಹೆಸರಿಟ್ಟ, ಅದೂ ಉಳೀಲಿಲ್ಲ. ರಿಜಿಸ್ಟರ್ ಒಂದನ್ನೇ ನೋಡಿದರೆ ಇಬ್ಬರು ರಾಲ್ಫ್‌ಗಳನ್ನ ಒಬ್ಬನೇ ಅಂದ್ಕೋತೀವಿ. ಡೈರಿ ಇರೋದರಿಂದ ಆ ಮನೆಯ ದುಃಖ ನಮಗೆ ಗೊತ್ತಾಗುತ್ತೆ.

ಆದರೆ ಊರಿಗೊಬ್ಬ ಡೈರಿ ಬರೆದರೆ ಹೆಚ್ಚು. ಉಳಿದವರ ಕಥೆ?

ಈ ಪ್ರಶ್ನೆ ಹಿಡಿದು ಕೂತವರು ಇತಿಹಾಸಕಾರ, ಮಾನವಶಾಸ್ತ್ರಜ್ಞ ಅಲನ್ ಮ್ಯಾಕ್‌ಫರ್ಲೇನ್. ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. 1970ರ ದಶಕದಲ್ಲಿ ಅವರ ಕೇಂಬ್ರಿಜ್ ತಂಡ ಅರ್ಲ್ಸ್ ಕೋನ್‌ನ ಚರ್ಚ್ ರಿಜಿಸ್ಟರ್, ಜಮೀನಿನ ಕೋರ್ಟು, ಉಯಿಲು, ತೆರಿಗೆ ಪಟ್ಟಿ ಎಲ್ಲವನ್ನೂ ಜೋಡಿಸೋ ಕೆಲಸಕ್ಕೆ ಕೈ ಹಾಕಿತು. ಯಾವ ಹೆಸರು ಎಲ್ಲೆಲ್ಲಿ ಬರುತ್ತೆ ಅಂತ ಒಂದೊಂದನ್ನೇ ಹೊಂದಿಸಿದ್ರು. ಕೊನೆಗೆ ದಾಖಲೆಗಳನ್ನ ಇಂಟರ್ನೆಟ್‌ಗೂ ಹಾಕಿದ್ರು.

ಅದರಿಂದ ಒಂದು ವಿಷಯ ಎದ್ದು ಕಂಡಿತು. ಜನ ಒಂದೇ ಕಡೆ ಇರ್ತಿರಲಿಲ್ಲ. ಕೂಲಿಗೆ, ಮದುವೆಗೆ, ಸಾಲಕ್ಕೆ ಹೆದರಿ ಊರು ಬಿಡ್ತಿದ್ರು. ಹಿಂದೊಂದು ಎಪಿಸೋಡ್‌ನಲ್ಲಿ ನಾನು "ಇಂಗ್ಲೆಂಡಿನ ರೈತರು ತಲೆತಲಾಂತರದಿಂದ ಅದೇ ಊರಲ್ಲಿದ್ರು" ಅಂತ ಗತ್ತಿನಿಂದ ಹೇಳಿದ್ದೆ. ತಪ್ಪು ನಂದೇ, ಇವತ್ತು ತಿದ್ಕೋತೀನಿ.

ಬಡವರು ಹೀಗೆ ಅಲೆದಾಗ ಅವರ ಖರ್ಚು ಯಾರ ತಲೆಗೆ? ಇಲ್ಲೇ ನೋಡಿ, ನನ್ನ ಅಕೌಂಟೆನ್ಸಿ ಉಪಯೋಗಕ್ಕೆ ಬಂದದ್ದು. 1601ರ ಕಾನೂನಿನ ಪ್ರಕಾರ ಪ್ರತಿ ಪ್ಯಾರಿಷ್ ತನ್ನ ಬಡವರನ್ನ ತಾನೇ ಸಾಕಬೇಕು. ಊರಿನ ಮನೆ, ಜಮೀನಿನ ಮೇಲೆ ತೆರಿಗೆ ಎತ್ತಿ, ಖರ್ಚಿಗೆ ಲೆಕ್ಕ ಕೊಡಬೇಕು. ಹಾಗಾಗಿ ಕೂಲಿಯವಳಿಗೆ ಕೊಟ್ಟ ಬೂಟು, ಬಾಣಂತಿಗೆ ಕೊಟ್ಟ ಸೌದೆ, ಹೆಣಕ್ಕೆ ಹೊದಿಸಿದ ಬಟ್ಟೆ ಎಲ್ಲ ಪೆನ್ಸ್ ಲೆಕ್ಕದಲ್ಲಿ ಪುಸ್ತಕಕ್ಕೆ ಏರ್ತಿತ್ತು.

1662ರಲ್ಲಿ ಇನ್ನೊಂದು ಕಾನೂನು ಬಂತು. ಹೊರಗಿಂದ ಬಂದ ಬಡವ ನಮ್ಮ ಊರಿಗೆ ಹೊರೆ ಆಗ್ತಾನೆ ಅನ್ನಿಸಿದರೆ ಅವನ ಸ್ವಂತ ಪ್ಯಾರಿಷ್‌ಗೆ ವಾಪಸ್ ಕಳಿಸಬಹುದು. ಅದಕ್ಕೆ ಮುಂಚೆ ಮ್ಯಾಜಿಸ್ಟ್ರೇಟ್ ಎದುರು ಪ್ರಮಾಣ ಮಾಡಿಸಿ ಕೇಳ್ತಿದ್ರು: ಎಲ್ಲಿ ಹುಟ್ಟಿದೆ, ಯಾರ ಹತ್ರ ಕೆಲಸಕ್ಕಿದ್ದೆ, ಎಷ್ಟು ಕೂಲಿ, ಯಾವಾಗ ಮದುವೆ, ಎಷ್ಟು ಮಕ್ಕಳು? ಓದು ಬರಹ ಬಾರದ ಮನುಷ್ಯನ ಇಡೀ ಜೀವನ ಒಂದು ಪುಟದಲ್ಲಿ ಉಳೀತು. ಅವಮಾನ ಮಾಡೋಕೆ ಕೇಳಿದ ಪ್ರಶ್ನೆಗಳೇ ಇರಬಹುದು. ಆದರೆ ಅವನ ಬಾಯಿಂದ ಬಂದ ಉತ್ತರ ಉಳಿದದ್ದೂ ಅದರಿಂದಲೇ.

ಈಗ ನಮ್ಮ ಕೇಳುಗರ ‘ಪಿ’ಗೆ ಬರೋಣ. 1783ರಲ್ಲಿ ಸರ್ಕಾರ ರಿಜಿಸ್ಟರ್‌ನ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಹಾಕಿತು. ಪಾಪರ್‌ಗಳಿಗೆ ಮಾತ್ರ ವಿನಾಯಿತಿ. ಅದಕ್ಕೇ ಹೆಸರಿನ ಪಕ್ಕ ‘ಪಿ’. 1794ರಲ್ಲಿ ತೆರಿಗೆ ಹೋಯ್ತು. ಅಜ್ಜಿ ಮಣ್ಣಾದ 1788 ಸರಿಯಾಗಿ ಈ ನಡುವೆ ಬರುತ್ತೆ. ಅಂದ್ರೆ ಆ ಅಕ್ಷರ ಮೊದಲಿಗೆ ಹೇಳೋದು ‘ಈ ನಮೂದಿಗೆ ತೆರಿಗೆ ಇಲ್ಲ’ ಅಂತ ಅಷ್ಟೇ. ಅವಳು ನಿಜಕ್ಕೂ ಊರಿನ ನೆರವಲ್ಲಿದ್ದಳಾ, ಅಥವಾ ಪಾದ್ರಿ ಬಡ ಮನೆಯ ಮೂರು ಪೆನ್ಸ್ ಉಳಿಸಿದನಾ? ಅದನ್ನ ತಿಳಿಯೋಕೆ ಆ ಪ್ಯಾರಿಷ್‌ನ ಬಡವರ ಖರ್ಚಿನ ಪುಸ್ತಕ ನೋಡಬೇಕು. ಎಸೆಕ್ಸ್‌ನ ಇಂಥ ದಾಖಲೆಗಳನ್ನ ಹುಡುಕಬೇಕಾದ ಜಾಗ ಚೆಲ್ಮ್ಸ್‌ಫರ್ಡ್‌ನ ಎಸೆಕ್ಸ್ ರೆಕಾರ್ಡ್ ಆಫೀಸ್.

ನಾನು ಅವರಿಗೆ ಹೇಳಿದ್ದು ಇಷ್ಟೇ: ಅಮ್ಮಂಗೆ ಹೇಳಿ. ಯಾರ ಹಂಗಿಗೂ ಹೋಗದೆ, ಡೈರಿನೂ ಬರೆಯದೆ, ಜಮೀನೂ ಇಲ್ಲದೆ ಬದುಕಿದವರು ಒಂದು ಸಾಲಲ್ಲೇ ಮುಗಿದುಹೋಗ್ತಾರೆ. ನಿಮ್ಮ ಅಜ್ಜಿಗೆ ಯಾವ ಚಳಿಗಾಲದಲ್ಲಿ ಕಂಬಳಿ ಕೊಟ್ರು ಅನ್ನೋದು ಕೂಡ ಎಲ್ಲೋ ಬರೆದಿರಬಹುದು.

ನಿನ್ನೆ ಉತ್ತರ ಬಂತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ, "ಅವಳ ಹೆಸರೇನು, ಇನ್ನೊಂದ್ಸಲ ಹೇಳು."

ಮುಂದಿನ ವಾರ ಸಿಗೋಣ.