ಬಾಗಿಲು ಮುಚ್ಚಿದರೂ ನಿಲ್ಲದ ಹಾಡು

‘ಹಮ್ ಹೋಂಗೇ ಕಾಮ್ಯಾಬ್’ ಹಾಡನ್ನು ಕೇಳದ ಶಾಲಾ ಮಕ್ಕಳು ನಮ್ಮ ದೇಶದಲ್ಲಿ ವಿರಳ. ಗಿರಿಜಾಕುಮಾರ ಮಾಥುರ್ ಹಿಂದಿಗೆ ತಂದ ಈ ಹಾಡಿನ ಕನ್ನಡ ರೂಪವನ್ನು ಮೆರವಣಿಗೆಗಳಲ್ಲಿ, ಸಾಕ್ಷರತಾ ಆಂದೋಲನದ ಸಭೆಗಳಲ್ಲಿ ಹಾಡಿದವರು ಇಲ್ಲೂ ಬಹಳ ಮಂದಿ ಇದ್ದಾರೆ. ‘ವಿ ಶಲ್ ಓವರ್‌ಕಮ್’ ಎಂಬ ಮೂಲ ಹಾಡನ್ನು ಊರಿಂದೂರಿಗೆ ಹೊತ್ತು ತಿರುಗಿದವರಲ್ಲಿ ಮುಖ್ಯರಾದವರು ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್. ಅದೇ ಅಮೆರಿಕ ಅವರನ್ನು ಹದಿನೇಳು ವರ್ಷಗಳ ಕಾಲ ಪ್ರಮುಖ ಟೆಲಿವಿಷನ್ ವಾಹಿನಿಗಳಿಂದ ದೂರವಿಟ್ಟಿತ್ತು. ಬಾಯಿ ಮುಚ್ಚಿಸಲು ಹೊರಟವರೇ ಆ ಗಾಯಕನಿಗೆ ಸಾವಿರಾರು ಬಾಯಿಗಳನ್ನು ಒದಗಿಸಿಕೊಟ್ಟ ವಿಚಿತ್ರ ಇತಿಹಾಸವಿದು.

ಸೀಗರ್ ಹುಟ್ಟಿದ್ದು 1919ರ ಮೇ 3ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ಚಾರ್ಲ್ಸ್ ಸೀಗರ್ ಸಂಗೀತ ಶಾಸ್ತ್ರಜ್ಞ, ತಾಯಿ ಪಿಟೀಲು ವಾದಕಿ. ಮನೆಯಲ್ಲಿದ್ದುದು ಶಾಸ್ತ್ರೀಯ ಸಂಗೀತವಾದರೂ ಮಗನ ಮನಸ್ಸು ಹರಿದದ್ದು ಬೇರೆ ಕಡೆ. 1936ರಲ್ಲಿ ತಂದೆಯೊಡನೆ ಉತ್ತರ ಕರೋಲಿನಾದ ಆಶ್‌ವಿಲ್‌ನಲ್ಲಿ ನಡೆದ ಜನಪದ ಉತ್ಸವಕ್ಕೆ ಹೋದಾಗ ಐದು ತಂತಿಯ ಬ್ಯಾಂಜೊ ಕಿವಿಗೆ ಬಿತ್ತು. ಗುಲಾಮರಾಗಿ ಬಂದ ಆಫ್ರಿಕನ್ನರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಇದರ ಮೂಲ. ನಮ್ಮ ತತ್ವಪದಕಾರರ ಏಕತಾರಿಯನ್ನು ನೋಡಿದವರಿಗೆ ಈ ವಂಶ ಅಪರಿಚಿತವೆನಿಸದು. ಹಾರ್ವರ್ಡ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟ ಸೀಗರ್, ಜನಪದ ಗೀತೆಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಬಳಿ ಕೆಲಸಕ್ಕೆ ಸೇರಿದರು. 1940ರಲ್ಲಿ ವಲಸೆ ಕೂಲಿಗಳ ಸಹಾಯಾರ್ಥ ನಡೆದ ಕಾರ್ಯಕ್ರಮದಲ್ಲಿ ವುಡಿ ಗುತ್ರಿಯ ಪರಿಚಯವಾಯಿತು. ಆತನೊಡನೆ ಊರೂರು ಅಲೆದು ಕಾರ್ಮಿಕರ ನಡುವೆ ಹಾಡುವುದನ್ನು ಕಲಿತರು.

ಕೀರ್ತಿ ಮತ್ತು ಕರಿಪಟ್ಟಿ

1948ರಲ್ಲಿ ಸೀಗರ್ ಮತ್ತು ಮೂವರು ಗೆಳೆಯರು ಸೇರಿ ‘ವೀವರ್ಸ್’, ಅಂದರೆ ನೇಕಾರರು ಎಂಬ ತಂಡ ಕಟ್ಟಿದರು. ಕಪ್ಪು ಗಾಯಕ ಲೆಡ್‌ಬೆಲ್ಲಿಯಿಂದ ಕಲಿತ ‘ಗುಡ್‌ನೈಟ್, ಐರೀನ್’ ಹಾಡಿನ ಅವರ ಧ್ವನಿಮುದ್ರಿಕೆ 1950ರಲ್ಲಿ 13 ವಾರ ಕಾಲ ದೇಶದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ನಿಂತಿತು. ಅದನ್ನು ನೋಡಲು ಲೆಡ್‌ಬೆಲ್ಲಿ ಬದುಕಿರಲಿಲ್ಲ.

ಆದರೆ ಅದು ಶೀತಲ ಸಮರದ ಕಾಲ. ಎಡಪಂಥೀಯರೆಂಬ ಗುಮಾನಿ ಇದ್ದ ಕಲಾವಿದರ ಹೆಸರುಗಳು ಕರಿಪಟ್ಟಿಗೆ ಸೇರುತ್ತಿದ್ದವು. ಸೀಗರ್ 1940ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ವಿಚಾರಣೆಯ ಹೊತ್ತಿಗೆ ಪಕ್ಷವನ್ನು ಬಿಟ್ಟು ವರ್ಷಗಳೇ ಕಳೆದಿದ್ದವು. ಆದರೂ ವೀವರ್ಸ್‌ಗೆ ರೇಡಿಯೊ, ಹೋಟೆಲು, ಸಭಾಂಗಣಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. 1952ರಲ್ಲಿ ತಂಡ ಚದುರಿತು.

1955ರ ಆಗಸ್ಟ್ 18ರಂದು, ‘ಅಮೆರಿಕ ವಿರೋಧಿ ಚಟುವಟಿಕೆ’ಗಳ ತನಿಖೆಗಿದ್ದ ಸಂಸತ್ ಸಮಿತಿ ಸೀಗರ್ ಅವರನ್ನು ನ್ಯೂಯಾರ್ಕ್‌ನಲ್ಲಿ ವಿಚಾರಣೆಗೆ ಕರೆಯಿತು. ಇಂಥ ಸಭೆಯಲ್ಲಿ ಹಾಡಿದ್ದೀರಾ, ಇಂಥವರಿಗಾಗಿ ಹಾಡಿದ್ದೀರಾ ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ. ಸ್ವಂತ ಹೇಳಿಕೆ ತನಗೇ ಮುಳುವಾಗುವುದನ್ನು ತಪ್ಪಿಸಿಕೊಳ್ಳಲು ಸಂವಿಧಾನದ ಐದನೆಯ ತಿದ್ದುಪಡಿಯ ಆಶ್ರಯ ಪಡೆಯಬಹುದಿತ್ತು. ಹಾಗೆ ಮಾಡಿದವರು ಸಾಮಾನ್ಯವಾಗಿ ಜೈಲಿಗೆ ಹೋಗುತ್ತಿರಲಿಲ್ಲ. ಸೀಗರ್ ಆ ದಾರಿ ಹಿಡಿಯಲಿಲ್ಲ. ತನ್ನ ನಂಬಿಕೆ, ಮತ, ಸ್ನೇಹಗಳ ಬಗ್ಗೆ ಕೇಳುವ ಹಕ್ಕೇ ಸಮಿತಿಗಿಲ್ಲ ಎಂಬುದು ಅವರ ವಾದ. ಬೇಕಾದರೆ ಹಾಡುಗಳ ಬಗ್ಗೆ ಹೇಳುತ್ತೇನೆ, ಹಾಡಿ ತೋರಿಸುತ್ತೇನೆ. ಯಾರ ಮುಂದೆ ಹಾಡಿದೆ, ಜೊತೆಗೆ ಯಾರಿದ್ದರು ಎಂಬುದನ್ನು ಮಾತ್ರ ಹೇಳಲಾರೆ ಎಂದರು. ಹಾಡು ಕೇಳುವ ಆಸಕ್ತಿ ಸಮಿತಿಗಿರಲಿಲ್ಲ.

ಇದರ ಬೆಲೆ ಸಣ್ಣದಾಗಿರಲಿಲ್ಲ. 1957ರಲ್ಲಿ ಸಂಸತ್ ನಿಂದನೆಯ ಆರೋಪ ಹೊರಿಸಲಾಯಿತು. 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆಯಾಯಿತು. ಜಾಮೀನಿನ ಮೇಲೆ ಹೊರಗಿದ್ದ ಸೀಗರ್ ಅವರಿಗೆ 1962ರಲ್ಲಿ ಮೇಲ್ಮನವಿ ನ್ಯಾಯಾಲಯ ಬಿಡುಗಡೆ ನೀಡಿತು. ಆರೋಪಪಟ್ಟಿಯಲ್ಲಿ ದೋಷವಿದೆ ಎಂಬುದು ಅದಕ್ಕೆ ಕಾರಣ. ಏಳು ವರ್ಷ ತಲೆಯ ಮೇಲೆ ಕತ್ತಿ ತೂಗಿತ್ತು.

ಸಭೆಯೇ ಗಾಯಕವೃಂದ

ಈ ವರ್ಷಗಳಲ್ಲಿ ಅವರ ಹೊಟ್ಟೆಪಾಡು ನಡೆದದ್ದು ಶಾಲೆ, ಕಾಲೇಜು, ಚರ್ಚು, ಮಕ್ಕಳ ಶಿಬಿರಗಳಲ್ಲಿ. ಸಿಕ್ಕಷ್ಟು ಸಂಭಾವನೆಗೆ ಹಾಡುವುದು, ವಿರೋಧಿಗಳು ಜಮಾಯಿಸುವ ಮೊದಲೇ ಮುಂದಿನ ಊರಿಗೆ ಹೊರಡುವುದು. ಕಾರ್ಯಕ್ರಮಗಳ ಲೆಕ್ಕಪತ್ರ, ಓಡಾಟಗಳ ವ್ಯವಸ್ಥೆಯೆಲ್ಲ ಪತ್ನಿ ತೋಷಿ ಅವರದು. ಫೋಕ್‌ವೇಸ್ ಎಂಬ ಪುಟ್ಟ ಸಂಸ್ಥೆ ಅವರ ಹಾಡುಗಳನ್ನು ಒಂದರ ಹಿಂದೊಂದು ಮುದ್ರಿಸಿತು. ವೀವರ್ಸ್ ಮತ್ತೆ ಒಂದಾದಾಗ ಸೀಗರ್ ಜೊತೆಗಿದ್ದರು. ತಂಡ ಸಿಗರೇಟಿನ ಜಾಹೀರಾತಿಗೆ ಹಾಡಲು ಒಪ್ಪಿದ ಮೇಲೆ 1958ರಲ್ಲಿ ಹೊರಬಂದರು.

ಅವರ ಕಲೆಯ ಗುಟ್ಟು ಕಂಠದಲ್ಲಿರಲಿಲ್ಲ, ಜನರಿಂದ ಹಾಡಿಸುವುದರಲ್ಲಿತ್ತು. ಸೋಬಾನೆ ಪದದಲ್ಲಿ ಒಬ್ಬಾಕೆ ಸೊಲ್ಲೆತ್ತಿದರೆ ಉಳಿದವರು ಹಿಂಬಾಲಿಸುತ್ತಾರಲ್ಲ, ಹಾಗೆ ಸೀಗರ್ ಮುಂದಿನ ಸಾಲನ್ನು ಅವಸರವಾಗಿ ಹೇಳಿಕೊಡುತ್ತಿದ್ದರು. ಸಭೆ ಅದನ್ನು ಎತ್ತಿಕೊಳ್ಳುತ್ತಿತ್ತು. ಹಾಡಲು ಬಾರದು ಎಂದುಕೊಂಡವರೂ ಹಾಡುತ್ತಿದ್ದರು. 1954ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರನ್ನು ಕೇಳಿದ 13 ವರ್ಷದ ಹುಡುಗಿಯೊಬ್ಬಳು ಮುಂದೆ ಜೋನ್ ಬಾಯೆಜ್ ಎಂದು ಜಗತ್ತಿಗೆ ಪರಿಚಿತಳಾದಳು. 1960ರ ದಶಕದ ಜನಪದ ಗಾಯನದ ದೊಡ್ಡ ಅಲೆಗೆ ಬೀಜ ಬಿದ್ದದ್ದು ಇಂಥ ಸಣ್ಣ ಸಭೆಗಳಲ್ಲೇ.

‘ವಿ ಶಲ್ ಓವರ್‌ಕಮ್’ ಕಥೆಯೂ ಹೀಗೆಯೇ. ಚರ್ಚಿನ ಹಾಡಿನ ಬೇರುಳ್ಳ ಇದನ್ನು 1945-46ರಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಮುಷ್ಕರನಿರತ ಕಾರ್ಮಿಕರು, ಹೆಚ್ಚಾಗಿ ಕಪ್ಪು ಹೆಂಗಸರು, ಹಾಡುತ್ತಿದ್ದರು. ಅವರಿಂದ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್, ಆಕೆಯಿಂದ ಸೀಗರ್ ಕಲಿತರು. 1957ರಲ್ಲಿ ಅದೇ ಶಾಲೆಯಲ್ಲಿ ಸೀಗರ್ ಹಾಡಿದಾಗ ಮಾರ್ಟಿನ್ ಲೂಥರ್ ಕಿಂಗ್ ಕೇಳಿದರು. 1960ರಲ್ಲಿ ಗೈ ಕರವಾನ್ ವಿದ್ಯಾರ್ಥಿ ಹೋರಾಟಗಾರರಿಗೆ ಕಲಿಸಿದ ಮೇಲೆ ಅದು ನಾಗರಿಕ ಹಕ್ಕುಗಳ ಚಳವಳಿಯ ಹಾಡಾಯಿತು.

ಒಪ್ಪಿಕೊಂಡ ತಪ್ಪುಗಳು

ಸೀಗರ್ ತಪ್ಪು ಮಾಡದ ಸಂತರೇನಲ್ಲ. ಸ್ಟಾಲಿನ್ ಕ್ರೌರ್ಯವನ್ನು ಕಾಣದೆ ಹೋದೆನೆಂದು ಮುಪ್ಪಿನಲ್ಲಿ ಅವರೇ ಪಶ್ಚಾತ್ತಾಪ ಪಟ್ಟರು. ಇನ್ನೊಂದು ಪ್ರಸಂಗ ‘ವಿಮೊವೆ’ ಹಾಡಿನದು. ದಕ್ಷಿಣ ಆಫ್ರಿಕದ ಜುಲು ಗಾಯಕ ಸಾಲಮನ್ ಲಿಂಡಾ 1939ರಲ್ಲಿ ಮುದ್ರಿಸಿದ ಹಾಡನ್ನು ವೀವರ್ಸ್ ಹಾಡಿ ಹೆಸರುವಾಸಿ ಮಾಡಿದರು. ಅದರಿಂದಲೇ ಹುಟ್ಟಿದ ‘ದ ಲಯನ್ ಸ್ಲೀಪ್ಸ್ ಟುನೈಟ್’ ಅಪಾರ ಹಣ ತಂದಿತು. ಲಿಂಡಾ ಮಾತ್ರ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಸೀಗರ್ ಒಮ್ಮೆ ಸಾವಿರ ಡಾಲರ್ ಕಳಿಸಿದ್ದುಂಟು. ಗೌರವಧನ ಸರಿಯಾಗಿ ತಲಪುತ್ತಿದೆಯೇ ಎಂದು ವಿಚಾರಿಸದೆ ಹೋದದ್ದಕ್ಕೆ ಮುಂದೆ ವಿಷಾದಿಸಿದರು. ಜನಪದ ಹಾಡು ಎಲ್ಲರ ಸ್ವತ್ತು ಎನ್ನುವುದು ಸುಲಭ. ಆ ಮಾತಿನ ಮರೆಯಲ್ಲಿ ಹಾಡು ಕಟ್ಟಿದ ಬಡವನ ಪಾಲು ಯಾರದೋ ಜೇಬು ಸೇರಬಹುದು ಎಂಬ ಪಾಠ ನಮ್ಮ ಜನಪದ ಕಲಾವಿದರ ಮಟ್ಟಿಗೂ ನಿಜ.

ಸೀಗರ್ 1967ರಲ್ಲಿ ಮತ್ತೆ ಪ್ರಮುಖ ವಾಹಿನಿಯ ಟೆಲಿವಿಷನ್ ಪರದೆಗೆ ಬಂದರು. ವಿಯೆಟ್ನಾಂ ಯುದ್ಧವನ್ನು ಕುಟುಕುವ ಅವರ ಹಾಡನ್ನು ಸಿಬಿಎಸ್ ಕತ್ತರಿಸಿತು. ಪ್ರತಿಭಟನೆ ಎದ್ದ ಮೇಲೆ 1968ರಲ್ಲಿ ಅದೇ ಹಾಡನ್ನು ಪ್ರಸಾರ ಮಾಡಿತು. ಅಷ್ಟರಲ್ಲಿ ಸೀಗರ್ ಮನೆಯ ಬಳಿ ಹರಿಯುವ ಹಡ್ಸನ್ ನದಿಯತ್ತ ತಿರುಗಿದ್ದರು. ಊರಿನ ಕೊಳಚೆ, ಕಾರ್ಖಾನೆಗಳ ವಿಷ ಸೇರಿ ಅದು ಚರಂಡಿಯಂತಾಗಿತ್ತು. ವಂತಿಗೆ ಎತ್ತಿ ಕಟ್ಟಿಸಿದ 106 ಅಡಿಯ ‘ಕ್ಲಿಯರ್‌ವಾಟರ್’ ಹಾಯಿಹಡಗು 1969ರಲ್ಲಿ ನೀರಿಗಿಳಿಯಿತು. ದಡದ ಊರುಗಳಲ್ಲಿ ನಿಂತು, ಹಾಡಿ, ಜನರನ್ನು ತಮ್ಮ ನದಿಯ ಬಳಿಗೆ ಕರೆತರುವುದು ಅದರ ಕೆಲಸ. 1972ರ ಜಲ ಶುದ್ಧೀಕರಣ ಕಾಯ್ದೆಯ ಹಿಂದಿದ್ದ ಜನಾಭಿಪ್ರಾಯದಲ್ಲಿ ಇಂಥ ಪ್ರಯತ್ನಗಳ ಪಾಲೂ ಇತ್ತು.

1994ರಲ್ಲಿ ಅಮೆರಿಕ ಅವರಿಗೆ ರಾಷ್ಟ್ರೀಯ ಕಲಾ ಪದಕ ನೀಡಿತು. 2009ರಲ್ಲಿ ಒಬಾಮಾ ಅಧಿಕಾರ ಸ್ವೀಕಾರದ ಸಂದರ್ಭದಲ್ಲಿ ಲಿಂಕನ್ ಸ್ಮಾರಕದೆದುರು ಲಕ್ಷಾಂತರ ಜನರಿಂದ ಹಾಡಿಸಿದಾಗ ಸೀಗರ್ ಅವರಿಗೆ 89 ವರ್ಷ. ಇರಾಕ್ ಯುದ್ಧದ ಕಾಲದಲ್ಲಿ ಇದೇ ಮುದುಕ ತನ್ನೂರಿನ ಸಮೀಪದ ಹೆದ್ದಾರಿಯ ಬದಿಯಲ್ಲಿ ಶಾಂತಿಯ ಫಲಕ ಹಿಡಿದು ಚಳಿಯಲ್ಲಿ ನಿಲ್ಲುತ್ತಿದ್ದುದೂ ಉಂಟು.

2014ರ ಜನವರಿ 27ರಂದು ಸೀಗರ್ ತೀರಿಕೊಂಡರು. ‘ವಿ ಶಲ್ ಓವರ್‌ಕಮ್’ ವ್ಯಾಪಾರಿಗಳ ಪಾಲಾಗದಿರಲೆಂದು ಅವರು ಮತ್ತು ಗೆಳೆಯರು 1960ರಲ್ಲಿ ಅದರ ಹಕ್ಕು ಪಡೆದು, ಆದಾಯವನ್ನು ಕಪ್ಪು ಜನರ ಕೆಲಸಗಳಿಗೆ ಮೀಸಲಿಟ್ಟಿದ್ದರು. 2018ರಲ್ಲಿ ಮೊಕದ್ದಮೆಯೊಂದು ರಾಜಿಯಾಗಿ ಆ ಹಕ್ಕೂ ಕೊನೆಗೊಂಡಿತು. ತಂಬಾಕು ಕಾರ್ಖಾನೆಯ ಬಾಗಿಲಲ್ಲಿ ಹೆಂಗಸರು ಹಾಡುತ್ತಿದ್ದ ಹಾಡು ಈಗ ಯಾರ ಅಪ್ಪಣೆಯೂ ಬೇಡದೆ ಎಲ್ಲರದ್ದಾಗಿದೆ.