ಮಾರ್ಕ್ಸ್ ಓದಿದ ಮೈಸೂರು ಸೀಮೆಯ ಹಳ್ಳಿ

1867ರಲ್ಲಿ ಪ್ರಕಟವಾದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ, ಶ್ರಮವಿಭಜನೆಯ ಅಧ್ಯಾಯದಲ್ಲಿ, ಮಾರ್ಕ್ಸ್ ಭಾರತದ ಹಳ್ಳಿಯೊಂದನ್ನು ಚಿತ್ರಿಸುತ್ತಾನೆ. ಊರಿನ ಮುಖ್ಯಸ್ಥ, ಲೆಕ್ಕ ಬರೆಯುವವನು, ಗಡಿ ಕಾಯುವವನು, ಕೆರೆಯ ನೀರು ಹಂಚುವವನು, ಪಂಚಾಂಗ ಹೇಳುವ ಬ್ರಾಹ್ಮಣ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ. ಕನ್ನಡ ಓದುಗರಿಗೆ ಇವರು ಅಪರಿಚಿತರಲ್ಲ. ಇವರು ನಮ್ಮ ಆಯಗಾರರು.

ಗಮನಿಸಬೇಕಾದದ್ದು ಇವರು ಲಂಡನ್ನಿಗೆ ತಲುಪಿದ ದಾರಿ. ಮಾರ್ಕ್ಸ್ ಅಡಿಟಿಪ್ಪಣಿಯಲ್ಲಿ ಹೆಸರಿಸುವ ಮೊದಲ ಆಕರ, ಮೈಸೂರು ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ದಕ್ಷಿಣ ಭಾರತದ ಇತಿಹಾಸ. ಅದರ ಮೊದಲ ಸಂಪುಟ 1810ರದು. ವಿಲ್ಕ್ಸನ ಪುಟಗಳಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರ್ಗಂಟಿ ಎಂಬ ಹೆಸರುಗಳೇ ಇವೆ. ಮಾರ್ಕ್ಸನಲ್ಲಿ ಹೆಸರುಗಳು ಕಳಚಿ ಬರಿಯ ಕೆಲಸಗಳು ಉಳಿದಿವೆ. ಅಷ್ಟೇ ಅಲ್ಲ, ಏಷ್ಯಾದ ಸಮಾಜಗಳು ಬದಲಾಗದೆ ನಿಂತದ್ದರ ಗುಟ್ಟು ಈ ಹಳ್ಳಿಯ ಸರಳ ರಚನೆಯಲ್ಲೇ ಇದೆಯೆಂದು ಅವನು ತೀರ್ಮಾನಿಸುತ್ತಾನೆ.

ಮಾರ್ಕ್ಸ್‌ವಾದಿ ಇತಿಹಾಸ ಯುರೋಪ್‌ಕೇಂದ್ರಿತವೇ ಎಂಬ ಚರ್ಚೆ ಸಾಮಾನ್ಯವಾಗಿ 1853ರಲ್ಲಿ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಗೆ ಅವನು ಬರೆದ ಲೇಖನಗಳ ಸುತ್ತಲೇ ಸುತ್ತುತ್ತದೆ. 1978ರಲ್ಲಿ ಎಡ್ವರ್ಡ್ ಸೈದ್ ಎತ್ತಿಕೊಂಡದ್ದೂ ಅವನ್ನೇ. ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಈ ಅಡಿಟಿಪ್ಪಣಿಯಲ್ಲಿದೆ. ಏಷ್ಯಾ ಅಲುಗಾಡದೆ ಕೂತಿತ್ತೆಂದು ಒಮ್ಮೆ ಒಪ್ಪಿಕೊಂಡರೆ, ಯುರೋಪಿನ ಚಲನೆಗೆ ಕಾರಣವನ್ನು ಯುರೋಪಿನ ಒಳಗೇ ಹುಡುಕಬೇಕಾಗುತ್ತದೆ. 1976ರಲ್ಲಿ ರಾಬರ್ಟ್ ಬ್ರೆನ್ನರ್ ಮಂಡಿಸಿದ ವಾದ ಇದೇ ಜಾಡಿನದು: ಬಂಡವಾಳಶಾಹಿಯ ಹುಟ್ಟು ಇಂಗ್ಲೆಂಡಿನ ಜಮೀನ್ದಾರ, ಗೇಣಿದಾರ, ಕೂಲಿಕಾರರ ಸಂಬಂಧದಲ್ಲಿದೆ. ಇಂಗ್ಲೆಂಡಿನ ಹೊಲಗಳ ಮಟ್ಟಿಗೆ ಇದು ಬಲವಾದ ವಿವರಣೆ, ಅದನ್ನು ತಳ್ಳಿಹಾಕಲಾಗದು. ಆದರೆ ಅಮೆರಿಕದ ಬೆಳ್ಳಿ-ಬಂಗಾರ, ಆಫ್ರಿಕಾದಿಂದ ಹಿಡಿದೊಯ್ದ ಗುಲಾಮರು, ಭಾರತದ ಕೊಳ್ಳೆ, ಇವೆಲ್ಲ ಅಲ್ಲಿ ಅಂಚಿಗೆ ಸರಿಯುತ್ತವೆ. ಜೆ. ಎಂ. ಬ್ಲಾಟ್ ಬ್ರೆನ್ನರ್ ಅವರ ಮೇಲೆ ಹರಿಹಾಯ್ದದ್ದು ಇದಕ್ಕೇ. ಸ್ವತಃ ಮಾರ್ಕ್ಸ್ ‘ಬಂಡವಾಳ’ದ ಕೊನೆಯ ಭಾಗದಲ್ಲಿ ಇವನ್ನೇ ಬಂಡವಾಳಶಾಹಿ ಯುಗದ ಉದಯಕಾಲದ ಘಟನೆಗಳೆಂದು ಎಣಿಸಿದ್ದಾನೆ! ಒಂದೇ ಪುಸ್ತಕದಲ್ಲಿ ಎರಡು ಏಷ್ಯಾಗಳಿವೆ: ಒಂದು ನಿಂತದ್ದು, ಇನ್ನೊಂದು ದೋಚಲ್ಪಟ್ಟದ್ದು.

ವಿಲ್ಕ್ಸನ ಕಾಲದ ಮೈಸೂರು ಸೀಮೆ ನಿಂತಿತ್ತೇ? ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಪ್ರಯಾಣ ಹೊರಟ. 1807ರಲ್ಲಿ ಮುದ್ರಣವಾದ ಅವನ ಕಥನದಲ್ಲಿ ಬೆಂಗಳೂರಿನ ನೇಕಾರರಿಗೆ ವ್ಯಾಪಾರಿಗಳು ಮುಂಗಡ ಕೊಟ್ಟು ಬಟ್ಟೆ ನೇಯಿಸುತ್ತಾರೆ. ಗುಬ್ಬಿಯ ಸಂತೆಗೆ ದೂರದೂರದ ವರ್ತಕರು ಬರುತ್ತಾರೆ. ಇದನ್ನು ಬಂಡವಾಳಶಾಹಿ ಎನ್ನಲು ನಾನು ಸಿದ್ಧನಿಲ್ಲ. ಆದರೆ ತನ್ನಷ್ಟಕ್ಕೆ ತಾನೇ ಸಾಕೆಂದು ಬಾಗಿಲು ಹಾಕಿಕೊಂಡ ಹಳ್ಳಿಗಳ ನಾಡಂತೂ ಇದಲ್ಲ. ಆಯಗಾರರ ವ್ಯವಸ್ಥೆಯೂ ಸಂತೆಯೂ ಅಕ್ಕಪಕ್ಕದಲ್ಲೇ ಬದುಕಿದ್ದವು.

ಇರ್ಫಾನ್ ಹಬೀಬ್ 1969ರ ತಮ್ಮ ಪ್ರಬಂಧದಲ್ಲಿ ಮೊಘಲ್ ಭಾರತದ ವರ್ತಕ ಬಂಡವಾಳ, ಹುಂಡಿ, ಮುಂಗಡ ಪದ್ಧತಿಗಳನ್ನು ತೆರೆದಿಟ್ಟರು. ಸ್ಥಗಿತ ಏಷ್ಯಾದ ಚಿತ್ರವನ್ನು ಹೀಗೆ ಕದಲಿಸಿದವರು ಮಾರ್ಕ್ಸ್‌ವಾದಿಗಳೇ ಎಂಬುದನ್ನು ಟೀಕಾಕಾರರು ಮರೆಯಬಾರದು. ಆದರೂ ಇಲ್ಲಿ ಬಂಡವಾಳಶಾಹಿ ಯಾಕೆ ಬೆಳೆಯಲಿಲ್ಲ ಎಂದು ಕೇಳಿದಾಗಲೆಲ್ಲ ಅಳತೆಗೋಲು ಇಂಗ್ಲೆಂಡಿನದೇ ಆಗಿರುತ್ತದೆ.

ಏಷ್ಯಾದಲ್ಲಿ ಖಾಸಗಿ ಭೂ ಒಡೆತನವೇ ಇರಲಿಲ್ಲ ಎಂಬ ಮಾತಿನ ಬಗ್ಗೆ ಮಾರ್ಕ್ಸನಿಗೆ ಅನುಮಾನ ಮೊದಲೇ ಇತ್ತು. 1853ರ ಜೂನ್ 14ರಂದು ಏಂಗೆಲ್ಸ್‌ಗೆ ಬರೆದ ಪತ್ರದಲ್ಲಿ, ಕೃಷ್ಣಾ ನದಿಯ ದಕ್ಷಿಣದ ಗುಡ್ಡಗಾಡಿನಲ್ಲಿ ಭೂಮಿಯ ಒಡೆತನ ಇದ್ದಂತೆ ಕಾಣುತ್ತದೆ ಎನ್ನುತ್ತಾನೆ. ವಿಲ್ಕ್ಸ್ ಕೂಡ ಜಮೀನು ರಾಜನದಲ್ಲ, ಪ್ರಜೆಯದು ಎಂದು ವಾದಿಸಿದವನು. 1881ರಲ್ಲಿ ರಷ್ಯಾದ ವೇರಾ ಝಸೂಲಿಚ್‌ಗೆ ಉತ್ತರಿಸುವಾಗ, ತಾನು ವಿವರಿಸಿದ ಚಾರಿತ್ರಿಕ ಅನಿವಾರ್ಯತೆ ಪಶ್ಚಿಮ ಯುರೋಪಿನ ದೇಶಗಳಿಗಷ್ಟೇ ಸೀಮಿತ ಎಂದು ಮಾರ್ಕ್ಸ್ ಸ್ಪಷ್ಟವಾಗಿ ಬರೆದ. ಆ ಪತ್ರದ ಕರಡಿನಲ್ಲಿ ಇನ್ನೂ ಮುಂದೆ ಹೋಗಿ, ಭಾರತದಲ್ಲಿ ಸಮುದಾಯದ ಭೂ ಒಡೆತನವನ್ನು ಇಂಗ್ಲಿಷರು ಅಳಿಸಿದ್ದು ಬರೀ ಧ್ವಂಸಕೃತ್ಯ, ಅದು ಜನರನ್ನು ಹಿಂದಕ್ಕೆ ತಳ್ಳಿತು ಎಂದ. ಕರಡು ಅವನ ಕಾಗದಪತ್ರಗಳಲ್ಲೇ ಉಳಿಯಿತು. ವಿಲ್ಕ್ಸನಿಂದ ಪಡೆದ ಹಳ್ಳಿ ಮಾತ್ರ ‘ಬಂಡವಾಳ’ದ ಮುಂದಿನ ಆವೃತ್ತಿಗಳಲ್ಲೂ ಇದ್ದ ಹಾಗೇ ಅಚ್ಚಾಗುತ್ತ ಬಂತು.