ಇಪ್ಪತ್ತು ಬೋರ್ಡಿಗೆ ಬೆಸುಗೆ ಯಾರು ಹಾಕ್ತಾರೆ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ, ಬಿ.ಕಾಂ. ಓದಿದೋನಿಗೆ ಬೇರೇನು ಬರುತ್ತೆ ಹೇಳಿ. ಸರ್ಕ್ಯೂಟ್ ಬೋರ್ಡ್ ಮೇಲೆ ಪಾರ್ಟ್ಸ್ ಕೂರಿಸಿ ಬೆಸುಗೆ ಹಾಕೋ ಒಂದು ಫ್ಯಾಕ್ಟರಿ ಲೈನನ್ನ ಹೊಸ ಡಿಸೈನಿಗೆ ಸಜ್ಜು ಮಾಡೋಕೆ 8,000 ರೂಪಾಯಿ ಆಗುತ್ತೆ ಅಂದ್ಕೊಳ್ಳಿ. 2,000 ಬೋರ್ಡ್ ಮಾಡಿದ್ರೆ ಒಂದಕ್ಕೆ ಬೀಳೋದು 4 ರೂಪಾಯಿ. ಬರೀ 20 ಮಾಡಿದ್ರೆ 400. ಹೊಸೂರು ರಸ್ತೆ ಉದ್ದಕ್ಕೂ ಇಷ್ಟೊಂದು ಕಾರ್ಖಾನೆ ಇದ್ರೂ, ಹೊಸ ಐಡಿಯಾ ಹಿಡ್ಕೊಂಡ ಹುಡುಗರು ಬಾಡಿಗೆ ರೂಮಲ್ಲಿ ಹಳೇ ಓವನ್ ಇಟ್ಕೊಂಡು ಬೋರ್ಡ್ ಬೇಯಿಸೋದು ಯಾಕೆ ಅಂದ್ರೆ, ಈ 400 ರೂಪಾಯಿಗೋಸ್ಕರ.

ನಮ್ಮ ಕಡೆ ಎಲೆಕ್ಟ್ರಾನಿಕ್ಸ್ ಚರಿತ್ರೆ ಅಂದ್ರೆ ದೊಡ್ಡ ಗೇಟುಗಳ ಚರಿತ್ರೆ. 1948ರಲ್ಲಿ ಐಟಿಐ. 1954ರಲ್ಲಿ ಜಾಲಹಳ್ಳಿಯ ಬಿಇಎಲ್. 1976ರಲ್ಲಿ ಕಿಯೋನಿಕ್ಸ್. ಆಮೇಲೆ ಅದೇ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿ. 1994ರಲ್ಲಿ ಅಲ್ಲಿಗೆ ಇನ್ಫೋಸಿಸ್ ಬಂತು. ಹೆಸರು ಎಲೆಕ್ಟ್ರಾನಿಕ್ ಅಂತಾನೇ ಉಳೀತು, ಜನರ ಬಾಯಲ್ಲಿ ಅದು ಸಾಫ್ಟ್‌ವೇರ್ ಊರಾಯ್ತು.

ಬೆಸುಗೆ ಕತೆ ಮಾತ್ರ ಇದಕ್ಕಿಂತ ತುಂಬಾ ಹಳೇದು, ಅದು ಗೇಟಿನ ಹೊರಗಿಂದ ಶುರುವಾಗುತ್ತೆ. ನಿಮ್ಮ ಅಜ್ಜೀನ ಕೇಳಿ, ಕಲಾಯಿ ಹಾಕೋರು ಬೀದಿಗೆ ಬರ್ತಿದ್ದದ್ದನ್ನ ಹೇಳ್ತಾರೆ. ನೆಲದಲ್ಲಿ ಸಣ್ಣ ಗುಂಡಿ, ಇದ್ದಿಲು, ಒಂದು ತಿದಿ. ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಉಜ್ಜಿದ್ರೆ ಪಾತ್ರೆ ಒಳಗೆಲ್ಲ ಬೆಳ್ಳಿ ಹೊಳಪು. ನವಸಾಗರದ ಕೆಲಸ ಲೋಹದ ಮೇಲಿನ ಪೊರೆ ತೆಗೆಯೋದು. ಅದು ಹೋಗದೆ ತವರ ಹಿಡಿಯಲ್ಲ. ಇವತ್ತು ಬೋರ್ಡಿನ ಬೆಸುಗೆಯಲ್ಲಿ ಫ್ಲಕ್ಸ್ ಮಾಡೋದೂ ಅದನ್ನೇ. ನವಸಾಗರದ ಜಾಗಕ್ಕೆ ಮರದ ರಾಳ ಬಂದಿದೆ, ಅಷ್ಟೇ.

ತವರ ಕರಗೋದು 232 ಡಿಗ್ರಿಗೆ. ಅದಕ್ಕೆ ಸೀಸ ಬೆರೆಸಿ, 63ಕ್ಕೆ 37ರಂತೆ, 183 ಡಿಗ್ರಿಗೆ ಇಳಿಸಬಹುದು. ಮನೆಯಲ್ಲಿ ಬೆಸುಗೆ ಹಾಕೋರಿಗೆ ಈ 49 ಡಿಗ್ರಿ ದೊಡ್ಡ ಉಪಕಾರ. 1969ರಲ್ಲಿ 'ಎಲೆಕ್ಟ್ರಾನಿಕ್ಸ್ ಫಾರ್ ಯು' ಪತ್ರಿಕೆ ಶುರುವಾಯ್ತು, ಅದರಲ್ಲಿ ಬರೋ ಸರ್ಕ್ಯೂಟ್ ನೋಡ್ಕೊಂಡು, ಎಸ್.ಪಿ. ರೋಡಲ್ಲಿ ಪಾರ್ಟ್ಸ್ ತಂದು, ಒಂದು ಸಾಲ್ಡರಿಂಗ್ ಐರನ್ ಇಟ್ಕೊಂಡು ಮನೇಲೇ ಮಾಡೋ ಕಾಲ ಬಂತು. ಪಾರ್ಟ್‌ಗಳಿಗೆ ಉದ್ದ ಕಾಲು ಇರ್ತಿತ್ತು, ತೂತಲ್ಲಿ ತೂರಿಸಿ ಹಿಂದಿನಿಂದ ಬೆಸುಗೆ ಹಾಕಿದ್ರಾಯ್ತು.

ತೊಂದರೆ ಆಗಿದ್ದು ಪಾರ್ಟ್‌ಗಳ ಕಾಲು ಮಾಯವಾದಾಗ. 1980ರ ದಶಕದಿಂದ ಫ್ಯಾಕ್ಟರಿಗಳು ಬೋರ್ಡಿನ ಮೇಲ್ಮೈಗೇ ಅಂಟೋ ಪುಟಾಣಿ ಪಾರ್ಟ್‌ಗಳ ಕಡೆ ತಿರುಗಿದ್ವು. ಕೆಲವು ಚಿಪ್‌ಗಳ ಬೆಸುಗೆ ಜಾಗ ಹೊಟ್ಟೆ ಕೆಳಗೇ ಇರುತ್ತೆ, ಐರನ್ ತುದಿ ಅಲ್ಲಿಗೆ ಹೋಗೋದೇ ಇಲ್ಲ. ಹಾಗಾಗಿ ಇಡೀ ಬೋರ್ಡನ್ನೇ ಕಾಯಿಸಬೇಕು. ಜಗತ್ತಿನ ಬೇರೆ ಬೇರೆ ಕಡೆ ಹವ್ಯಾಸಿಗಳು ಬ್ರೆಡ್ ಟೋಸ್ಟ್ ಮಾಡೋ ಓವನ್, ಕರೆಂಟ್ ಕಾವಲಿಗೆ ಕೈ ಹಾಕಿದ್ರು. ತೂತಿರೋ ತೆಳು ತಗಡಿಟ್ಟು ಬೆಸುಗೆ ಪೇಸ್ಟ್ ಸವರೋದು, ಚಿಮಟದಲ್ಲಿ ಪಾರ್ಟ್ಸ್ ಕೂರಿಸೋದು, ಸುಮಾರು 150 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ 210ರ ಆಸುಪಾಸಿಗೆ ಏರಿಸಿ ಇಳಿಸೋದು. ಕರಗಿದ ಲೋಹವೇ ಸೊಟ್ಟ ಕೂತ ಪಾರ್ಟನ್ನ ಎಳೆದು ನೆಟ್ಟಗೆ ಕೂರಿಸುತ್ತೆ. ಒಮ್ಮೆ ನೋಡಿದ್ರೆ ಮರೆಯಲ್ಲ.

ಮನೆಯನ್ನೇ ಕಾರ್ಖಾನೆ ಮಾಡ್ಕೊಳ್ಳೋದು ಆನೇಕಲ್ಲಿಗೇನೂ ಹೊಸದಲ್ಲ, ಮನೆಯೊಳಗೇ ರೇಷ್ಮೆ ಮಗ್ಗ ಇಟ್ಟ ಊರು ಇದು. ಮಗ್ಗದಿಂದ ಸದ್ದು ಬರ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಾಗ್ತಿತ್ತು. ಸೀಸಕ್ಕೆ ಸದ್ದಿಲ್ಲ. ಹೊಗೆಯಲ್ಲಿ ಸೀಸ ಇದೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಬೆಸುಗೆಯ ಶಾಖಕ್ಕೆ ಸೀಸ ಅಷ್ಟಾಗಿ ಆವಿಯಾಗಲ್ಲ. ಆ ಹೊಗೆ ರಾಳದ್ದು, ಅದರಿಂದ ಅಸ್ತಮಾ ಬರಬಹುದು. ಸೀಸ ಒಳಗೆ ಹೋಗೋದು ಬೆರಳಿಂದ, ತಿಂಡಿ ತಟ್ಟೆಯಿಂದ, ನೆಲದಲ್ಲಿ ಆಡೋ ಮಗುವಿನ ಕೈಯಿಂದ. ಮಕ್ಕಳ ಮಿದುಳಿಗೆ ಅದು ಮಾಡೋ ಹಾನಿ ವಾಪಸ್ ಬರಲ್ಲ. ಅದಕ್ಕೇ ಬೋರ್ಡ್ ಬೇಯಿಸಿದ ಓವನ್ನಲ್ಲಿ ಮತ್ತೆ ಯಾವತ್ತೂ ಅಡುಗೆ ಮಾಡಬಾರದು.

ಯುರೋಪ್ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸಕ್ಕೆ ಕಡಿವಾಣ ಹಾಕಿತು. ರಫ್ತು ಮಾಡೋ ಕಾರ್ಖಾನೆಗಳು 217 ಡಿಗ್ರಿ ದಾಟಿದ ಮೇಲೆ ಕರಗೋ ಸೀಸವಿಲ್ಲದ ಬೆಸುಗೆಗೆ ಹೋದ್ವು. ಹಳೇ ಓವನ್ನಿಗೆ ಅಷ್ಟು ಶಾಖ ಹದವಾಗಿ ಏರಿಸೋದು ಕಷ್ಟ, ಹಾಗಾಗಿ ಮನೆಗಳಲ್ಲಿ 183 ಡಿಗ್ರಿಯದ್ದೇ ಉಳೀತು. ನಮ್ಮ ದೇಶದ 2011ರ ಇ-ತ್ಯಾಜ್ಯ ನಿಯಮಗಳೂ ಸೀಸಕ್ಕೆ ಶೇಕಡಾ 0.1ರ ಮಿತಿ ಹೇಳಿದ್ವು, ಆದ್ರೆ ಕಿರು ಮತ್ತು ಸಣ್ಣ ಉದ್ದಿಮೆಗಳನ್ನ ಹೊರಗಿಟ್ಟವು. ಫ್ಯಾಕ್ಟರಿಗೆ ಲೆಕ್ಕಕ್ಕೆ ಬಾರದ ಆ 20 ಬೋರ್ಡು ಕಾನೂನಿನ ಲೆಕ್ಕಕ್ಕೂ ಬರಲಿಲ್ಲ. ಕಲಾಯಿ ಹಾಕೋರಿಗೆ ಬೀದಿಯ ಗಾಳಿಯಾದ್ರೂ ಇತ್ತು, ಈಗಿನ ರೂಮುಗಳಲ್ಲಿ ಧೂಳು ಬರುತ್ತೆ ಅಂತ ಕಿಟಕಿ ಹಾಕಿರ್ತಾರೆ.

ನಿಮ್ಮ ರೂಮಲ್ಲೂ ಇಂಥ ಓವನ್ ಇದ್ರೆ ಒಂದು ವಾಯ್ಸ್ ನೋಟ್ ಕಳ್ಸಿ, ಕಿಟಕಿ ತೆಗೆದು ಮಾತಾಡಿ. ಮುಂದಿನ ವಾರ ಎಸ್.ಪಿ. ರೋಡ್.